ಹೆಸರು ಹೇಳದೆ ಹೋಗುವ ರೇಷ್ಮೆ ಗುಂಡಿಗಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತೈಪೆಯ ದಿಹುವಾ ಬೀದಿಯ ಹಿಂದಿನ ಓಣಿಯಲ್ಲಿ ಒಂದೇ ಒಂದು ಬಾಗಿಲು ತೆರೆದಿದೆ. ಹೊಸ್ತಿಲ ಬಳಿ ಮೋಟು ಮಣೆಯ ಮೇಲೆ ಕೂತ ಗುಂಡಿ ಅಜ್ಜಿ, ಗಂಜಿ ಹಾಕಿ ಒಣಗಿಸಿದ ಕೆಂಪು ರೇಷ್ಮೆಯ ಪಟ್ಟಿಯನ್ನು ಚಿಮಟದಲ್ಲಿ ಹಿಡಿದು ಸುತ್ತುತ್ತಿದ್ದಾರೆ. ಪಟ್ಟಿಯೊಳಗೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿ. ನೋಡನೋಡುತ್ತಿದ್ದಂತೆ ಅದು ಸೇವಂತಿಗೆಯಾಗುತ್ತದೆ. ಬಿಸಿಲೇರಿದರೆ ಬೆರಳು ಬೆವರಿ ಗಂಜಿ ಅಂಟುತ್ತದೆ, ಹಾಗಾಗಿ ಇದು ತಂಪು ಹೊತ್ತಿನ ಕೆಲಸ.

"ಏನಯ್ಯಾ, ಇಷ್ಟು ಬೇಗ? ಹೆಂಡ್ತಿ ಹೊರಗೆ ಹಾಕಿದ್ಲಾ?" ಎಂದು ನನ್ನನ್ನು ಒಳಗೆ ಕರೆಯುತ್ತಾರೆ.

ಅಜ್ಜಿಗೆ ಎಪ್ಪತ್ತೆರಡು. ಹದಿಮೂರಕ್ಕೇ ಸೂಜಿ ಹಿಡಿದವರು. ಮದುವಣಗಿತ್ತಿಯರು ತೊಡುವ ಚಿಪಾವ್ ಎಂಬ ಉದ್ದನೆಯ ರೇಷ್ಮೆ ನಿಲುವಂಗಿಗೆ ಹೂಗುಂಡಿ ಕಟ್ಟುವುದೇ ಇವರ ಕಸುಬು. ದಿನವಿಡೀ ಕೂತರೆ ಮೂರು ಜೊತೆ. ಇಲ್ಲಿನ ಫ್ಯಾಷನ್ ಪತ್ರಿಕೆಗಳು ರೂಪದರ್ಶಿಯ ಹೆಸರು ಹಾಕುತ್ತವೆ, ಚಪ್ಪಲಿ ಕಂಪನಿಯ ಹೆಸರನ್ನೂ ಹಾಕುತ್ತವೆ. ಗುಂಡಿ ಕಟ್ಟಿದವರನ್ನು ಕೇಳುವವರಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಪತ್ರಿಕೆ ಕೇಳಿತು. ಅಜ್ಜಿಯ ಗುಂಡಿಗಳ ಮದುವೆ ಅಂಗಿ ಮುಖಪುಟಕ್ಕೇ ಬಂತು, ಕೆಳಗೆ ಅವರ ಹೆಸರೂ ಬಂತು. ಆದರೆ ಹುಡುಗಿಯ ಮುಖ ಇನ್ನೊಂದು ಕಡೆಗಿದ್ದರೆ ಚೆಂದವೆಂದು ಪುಟ ಕಟ್ಟುವವರು ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು ಮಾಡಿಬಿಟ್ಟಿದ್ದರು. ಬಲಕ್ಕೆ ಮುಚ್ಚಬೇಕಾದ ಅಂಗಿ ಎಡಕ್ಕೆ ಮುಚ್ಚಿತ್ತು. ಇಲ್ಲಿ ಎಡಕ್ಕೆ ಮುಚ್ಚುವುದು ಹೆಣದ ಅಂಗಿಯನ್ನು. ಮದುವೆ ಹುಡುಗಿಗೆ ಹೆಣದ ಅಂಗಿ! ಮಾರುಕಟ್ಟೆಯಲ್ಲೆಲ್ಲ ಗುಲ್ಲೆದ್ದಿತು.

"ಹೆಣದ ಅಂಗಿಗೆ ಗುಂಡೀನೇ ಇಡಲ್ಲ, ಬರೀ ಲಾಡಿ. ಅಷ್ಟೂ ಗೊತ್ತಿಲ್ವಾ ಇವರಿಗೆ?" ಎಂದು ಅಜ್ಜಿ ಕೂಗಾಡಿದರು. ಊರ ಬಾಯಿಗೆ ಹೊಲಿಗೆ ಹಾಕುವವರು ಯಾರು? ಹೆಣ್ಣು ಹೆತ್ತವರು ಈ ಬಾಗಿಲು ತುಳಿಯುವುದನ್ನೇ ಬಿಟ್ಟರು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆಂದ ಪತ್ರಿಕೆ, ಆ ಸಂಚಿಕೆ ಬರುವ ಮೊದಲೇ ಮುಚ್ಚಿಹೋಯಿತು.

ಅಜ್ಜಿಯನ್ನು ಸುಡುತ್ತಿರುವುದು ಬೇರೆಯೇ. ಅಚ್ಚಿಗೆ ಹೋಗುವ ಮುನ್ನ ಆ ಪುಟವನ್ನು ಅವರ ಫೋನಿಗೆ ಕಳಿಸಿದ್ದರು.

"ದೊಡ್ಡದು ಮಾಡ್ಕೊಂಡು ಒಂದೊಂದು ಎಸಳೂ ನೋಡ್ದೆ ಕಣಯ್ಯಾ. ಜೊತೆ ಹೂ ತಿರುಗಿಸಿದ್ರೂ ಎಡಕ್ಕೂ ಬಲಕ್ಕೂ ಒಂದೇ ಥರ ಇರುತ್ತಲ್ಲ? ಚೆನ್ನಾಗಿದೆ, ಹಾಕಿ ಅಂದೆ. ಗುಂಡಿ ನೋಡ್ದೆ, ಅಂಗಿ ನೋಡ್ಲಿಲ್ಲ. ಯಾರನ್ನ ಬೈಲಿ?"

ಅಷ್ಟರಲ್ಲಿ ಯೊಂಗ್ಲೆ ಮಾರುಕಟ್ಟೆಯ ದರ್ಜಿ ವೆಂಗ್ ಬರುತ್ತಾರೆ. ಅಜ್ಜಿಯ ಗುಂಡಿಗಳನ್ನು ಈಗಲೂ ಕೊಳ್ಳುವವರು ಇವರೊಬ್ಬರೇ. ಕಟ್ಟಿದ್ದು ಯಾರೆಂದು ಮಾತ್ರ ಹೇಳುವುದಿಲ್ಲ.

"ಅಕ್ಕಾ, ಮೊನ್ನೆ ಬಂದ ಮದುವೆ ಹುಡುಗಿ ನಿನ್ನ ಗುಂಡಿ ಸವರಿದ್ದೇ ಸವರಿದ್ದು."

"ಯಾರು ಕಟ್ಟಿದ್ದು ಅಂತ ಕೇಳಿದ್ಲಾ?"

"ಕೇಳಿದ್ಲು. ತೈನಾನ್‌ನಿಂದ ತರಿಸಿದ್ದು ಅಂದೆ."

"ಹೂಂ, ತೈನಾನ್‌ನೋರಿಗೆ ಒಳ್ಳೆ ಹೆಸರು ಬಂತು ಬಿಡು."

ಅಜ್ಜಿ ನಗುತ್ತಾರೆ. ವೆಂಗ್ ತಲೆ ತಗ್ಗಿಸಿ ಗುಂಡಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಡುತ್ತಾರೆ. ಇಂಥ ಕೈ ಕಳ್ಳಮಾಲು ಸಾಗಿಸುವವರ ಹಾಗೆ ಬದುಕಬೇಕೇ?

ಇದೇ ಓಣಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ನಮ್ಮೂರಿನ ಕನ್ನಡ ಪತ್ರಿಕೆಗೆ ನಿಮ್ಮ ಬಗ್ಗೆ ಬರೆಯಲೇ ಎಂದು ಕೇಳುತ್ತೇನೆ.

"ಬೇಡಪ್ಪಾ. ಗೊತ್ತಾದ್ರೆ ವೆಂಗ್ ಅಂಗಡಿಗೂ ಯಾರೂ ಬರಲ್ಲ. ಹೆಸರಿನ ಆಸೆ ಪಟ್ಟು ಒಂದ್ಸಲ ಅನುಭವಿಸಿದ್ದು ಸಾಕು."

ಚಿಮಟ ಮತ್ತೆ ಆಡತೊಡಗುತ್ತದೆ. ಒಂದು ಎಸಳು ಮುಗಿಯುತ್ತದೆ. ಆಮೇಲೆ ತಲೆಯೆತ್ತದೆ ಕೇಳುತ್ತಾರೆ.

"ನಿಮ್ಮ ಅಕ್ಷರ ಈ ಬೀದೀಲಿ ಯಾರಾದ್ರೂ ಓದ್ತಾರಾ?"

"ನನ್ನ ಬಿಟ್ಟರೆ ಯಾರೂ ಇಲ್ಲ ಅಜ್ಜಿ."

"ಹಂಗಾದ್ರೆ ಬರಿ. ಗುಂಡಿ ಅಜ್ಜಿ ಅಂತ ಅಲ್ಲ, ಪೂರ್ತಿ ಹೆಸರು ಬರಿ. ಜ್ಯೆನ್ ಯುಯೆ-ಗುಯಿ. ಮದುವೆ ಗುಂಡಿ ಕಟ್ಟೋಳು ಅಂತ."