ಉರಿಗಾಂನ ಮರಳು

ನಮ್ಮ ಉರಿಗಾಂನಲ್ಲಿ ಸಮುದ್ರವಿಲ್ಲ, ಮರಳಿನ ಗುಡ್ಡಗಳಿವೆ. ಹಿಂದೆ ರಾಗಿ ಬೆಳೆಯುತ್ತಿದ್ದ ನೆಲವದು. ಗಣಿ ಬಂದ ಮೇಲೆ, ತಾತನಂಥವರು ಪಾತಾಳಕ್ಕಿಳಿದು ಒಡೆದ ಬಂಡೆಯನ್ನು ಅರೆದು, ಚಿನ್ನ ತೆಗೆದು, ಮಿಕ್ಕ ಸೈನೈಡ್ ಬೆರೆತ ಪುಡಿಯನ್ನು ಸುರಿದು ಸುರಿದು ಈ ಗುಡ್ಡಗಳಾದವು. ಅವುಗಳ ಬುಡದಲ್ಲೇ ನಮ್ಮ ಸಾಲುಮನೆಗಳು. ಗಾಳಿ ಎದ್ದರೆ ಅಜ್ಜಿ ಮೊದಲು ನೀರಿನ ಕೊಡ ಮುಚ್ಚುತ್ತಿದ್ದಳು, ಆಮೇಲೆ ನಮ್ಮ ಕಣ್ಣು.

ಹೋದ ವರ್ಷ ಅವಳನ್ನು ಚೆನ್ನೈನ ಕಡಲತೀರಕ್ಕೆ ಕರೆದೊಯ್ದೆ. ಅಲೆಗಳನ್ನು ಅವಳು ನೋಡಲೇ ಇಲ್ಲ. ಮರಳಲ್ಲಿ ಆಡುತ್ತಿದ್ದ ನನ್ನ ಮಗಳ ಕೈ ಹಿಡಿದೆಳೆದು, "ಮುಟ್ಟಬ್ಯಾಡ ಕಣಮ್ಮಿ, ವಿಷ ಅದು" ಎಂದು ಸೆರಗಿನಿಂದ ಒರೆಸತೊಡಗಿದಳು.

ನನಗೆ ನಗುವೂ ಬಂತು, ಸಿಟ್ಟೂ ಬಂತು. "ಇದು ಗಣಿ ಮಣ್ಣಲ್ಲ ಅಜ್ಜಿ, ಸಮುದ್ರದ್ದು."

ಅವಳು ತೀರದುದ್ದಕ್ಕೂ ಕಣ್ಣಾಡಿಸಿದಳು.

"ಇಷ್ಟೊಂದು ಮಣ್ಣು, ಯಾರೂ ಒಳಕ್ಕೆ ಇಳೀದೇನೇ ಬಂತಾ?"