ಐದನೆಯ ವಿಷಲ್

ಗಂಗಲಕ್ಷ್ಮಿ ಕೂತು ತಿಂಡಿ ತಿಂದಿದ್ದನ್ನು ಮನೆಯಲ್ಲಿ ಯಾರೂ ಸರಿಯಾಗಿ ನೋಡಿಲ್ಲ. ಆ ಶನಿವಾರವಂತೂ ತಟ್ಟೆ ಹಿಡಿದು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಕೊಟ್ಟಿಗೆ ಬಾಗಿಲಿಗೆ ಓಡಾಡುತ್ತಲೇ ಅಕ್ಕಿರೊಟ್ಟಿ ಮುಗಿಸಿದರು.

“ಒಂದ್ಗಳಿಗೆ ಕೂತ್ಕಳೇ. ರೊಟ್ಟಿಗೂ ಸುಸ್ತಾಗೋಯ್ತು,” ಎಂದರು ಕಾಯಿ ಸುಲಿಯುತ್ತಿದ್ದ ಗಂಡ ಶಿವರಾಜು.

“ಕೂತ್ರೆ ಯೋಚ್ನೆ ಬತ್ತದೆ ಕಣ್ರೀ.”

“ನಿಂತ್ರೆ ಬರಲ್ವಾ?”

ನಿಂತರೂ ಬರುತ್ತಿತ್ತು. ಅವತ್ತು ದಬ್ಬೇಘಟ್ಟದಲ್ಲಿ ಸಣ್ಣ ಕಾಲೇಜುಗಳ ಕ್ರೀಡಾ ಒಕ್ಕೂಟದ ಸಭೆ. ಅವರ ದಂಡಿನಶಿವರದ ಕಾಲೇಜು ಒಕ್ಕೂಟದಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು.

ಗಂಗಲಕ್ಷ್ಮಿ ಬಿಳಿಗೆರೆಯ ರೈತರ ಮನೆಯ ಮಗಳು. ತೆಂಗಿನ ಸಾಲುಗಳ ನಡುವೆ ಶಾಲೆಗೆ ಓಡುತ್ತಲೇ ಬೆಳೆದವರು. ಓದು ಮುಗಿಸಿ ದಂಡಿನಶಿವರದ ಸಣ್ಣ ಪದವಿ ಕಾಲೇಜಿಗೆ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ಸೇರಿದರು. ಊರವರ ಬಾಯಲ್ಲಿ ಪಿ.ಟಿ. ಮೇಡಂ. ಸೇರಿದ ವರ್ಷವೇ ಹುಡುಗಿಯರ ಖೋ ಖೋ ತಂಡವನ್ನು ಕರೆದುಕೊಂಡು ತುಮಕೂರಿನ ಅಂತರ ಕಾಲೇಜು ಪಂದ್ಯಕ್ಕೆ ಹೋಗಿದ್ದರು. ಪಟ್ಟಣದ ದೊಡ್ಡ ಕಾಲೇಜೊಂದರ ಎದುರು ಮೊದಲ ಸುತ್ತಿನಲ್ಲೇ, ಮೈ ಬಿಸಿಯಾಗುವ ಮುಂಚೆಯೇ ಸೋತರು. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗಿ ಕೇಳಿದಳು: “ಮೇಡಂ, ನಾವು ಆಡಿದ್ವಾ?”

ಆ ಪ್ರಶ್ನೆಯಿಂದಲೇ ಒಕ್ಕೂಟ ಹುಟ್ಟಿತು. ದಬ್ಬೇಘಟ್ಟದ ಕಾಲೇಜಿನ ಪಿ.ಟಿ. ಮಾಸ್ತರರಾದ ಕೆಂಚಪ್ಪನವರೂ ಅದೇ ತರಹ ಸೋತು ಬಂದಿದ್ದರು. ಇಬ್ಬರೂ ತುರುವೇಕೆರೆಯ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಮಾತಾಡಿ, ಸಣ್ಣ ಕಾಲೇಜುಗಳು ತಮ್ಮತಮ್ಮಲ್ಲೇ ಆಡುವ ಒಂದು ಕೂಟ ಕಟ್ಟಿದರು. ಮೊದಲು ಮೂರು ಕಾಲೇಜು. ಚಿಕ್ಕನಾಯಕನಹಳ್ಳಿ ಕಡೆಯವರೂ ಬಂದು ಏಳಾಯಿತು. ಆಮೇಲೆ ಮಕ್ಕಳಿಲ್ಲದೆ ಒಂದು ಕಾಲೇಜು ಮುಚ್ಚಿತು. ತಿಪಟೂರಿನ ಒಂದು ಕಾಲೇಜು ಬೆಳೆದುಬಿಟ್ಟಿತು, ಅದನ್ನು ಕಳಿಸಿಕೊಡಬೇಕಾಯಿತು. ನಾನೂರು ವಿದ್ಯಾರ್ಥಿಗಳು ದಾಟಿದ ಕಾಲೇಜಿಗೆ ಸದಸ್ಯತ್ವವಿಲ್ಲ ಎಂಬುದು ನಿಯಮ. ಎಲ್ಲರೂ ಒಪ್ಪಿದರೆ ಮಾತ್ರ ವಿನಾಯಿತಿ. ಆ ನಿಯಮ ಬರೆದವರು ಗಂಗಲಕ್ಷ್ಮಿಯೇ. ಆಗ ಅವರ ಕಾಲೇಜಿನಲ್ಲಿ ನೂರೈವತ್ತು ಮಕ್ಕಳೂ ಇರಲಿಲ್ಲ. ನಾನೂರು ಎಂದರೆ ಯಾವುದೋ ಬೇರೆ ಊರಿನ ಮಾತಾಗಿತ್ತು.

ಈ ವರ್ಷ ಅಲ್ಲಿ ಕಂಪ್ಯೂಟರ್ ಪದವಿ ಶುರುವಾಯಿತು. ಬಸ್ಸು ಬಸ್ಸಾಗಿ ಮಕ್ಕಳು ಬಂದರು, ನಾನೂರು ದಾಟಿತು. ಅವರಲ್ಲಿ ಒಳ್ಳೆಯ ಓಟಗಾರ್ತಿಯರೂ ಇದ್ದರು. ಒಕ್ಕೂಟದ ಖೋ ಖೋ ಶೀಲ್ಡ್ ಒಮ್ಮೆಯೂ ದಂಡಿನಶಿವರಕ್ಕೆ ಬಂದಿರಲಿಲ್ಲ. ಎರಡು ವರ್ಷದಿಂದ ಫೈನಲ್‌ನಲ್ಲಿ ದಬ್ಬೇಘಟ್ಟದ ಕೈಲಿ ಸೋಲು. ಕೊನೆಯ ವರ್ಷದಲ್ಲಿದ್ದ ನಾಯಕಿ ನಯನ ಪ್ರಿನ್ಸಿಪಾಲರ ಕೋಣೆಯ ಬೀರುವಿನ ಮೇಲೆ ಶೀಲ್ಡಿಗೆ ಜಾಗವನ್ನೂ ಒರೆಸಿಟ್ಟಿದ್ದಳು. “ಈ ಸಲ ನಮ್ದೇ,” ಎಂದು ಗಂಗಲಕ್ಷ್ಮಿಯೇ ಮಾತು ಕೊಟ್ಟಿದ್ದರು. ಒಕ್ಕೂಟದಿಂದ ಹೊರಗೆ ಬಿದ್ದರೆ ಶೀಲ್ಡೂ ಇಲ್ಲ, ಮಾತೂ ಇಲ್ಲ.

ದಬ್ಬೇಘಟ್ಟದ ಮೈದಾನದಲ್ಲಿ ಕೆಂಚಪ್ಪ ಕಾದಿದ್ದರು. “ತಲೆ ಕೆಡಿಸ್ಕಬ್ಯಾಡಿ ಮೇಡಂ. ಎಲ್ಲಾರ್ಗೂ ಹೇಳಿವ್ನಿ. ನಿಮ್ಮುನ್ನ ಬುಟ್ಟು ಒಕ್ಕೂಟ ಅಂದ್ರೆ ಕಂಬ ಇಲ್ದಿರೋ ಖೋ ಖೋ ಆಯ್ತದೆ.”

ಸಭೆಗೆ ಮುಂಚೆ ಎರಡೂ ತಂಡಗಳಿಗೆ ಒಂದು ಸ್ನೇಹಪಂದ್ಯ. ದಬ್ಬೇಘಟ್ಟದಲ್ಲಿ ಈ ವರ್ಷ ಹುಡುಗಿಯರು ಕಡಿಮೆ. ಆಡಲು ಬೇಕಾದ ಒಂಬತ್ತು ಮಂದಿ ಇದ್ದರು, ಹತ್ತನೆಯವಳಿರಲಿಲ್ಲ. ಒಬ್ಬಳ ಕಾಲಿಗೆ ಬಟ್ಟೆ ಸುತ್ತಿತ್ತು. ಅವರು ಓಡಬೇಕು, ನಯನಳ ತಂಡ ಹಿಡಿಯಬೇಕು. ಮೊದಲ ಮೂವರು ಬಂದಷ್ಟೇ ಬೇಗ ಔಟಾಗಿ ಹೋದರು.

ಎರಡನೆಯ ಮೂವರು ಒಳಗೆ ಬಂದರು. ಕಾಲಿಗೆ ಬಟ್ಟೆ ಸುತ್ತಿದವಳು ಕಂಬದ ಹತ್ತಿರ ತಡವರಿಸಿದಳು. ನಯನ ಹಿಂದೆಯೇ ಇದ್ದಳು. ಕೈ ಚಾಚಿದ್ದರೆ ಆಗುತ್ತಿತ್ತು. ಚಾಚಲಿಲ್ಲ. ಹೆಜ್ಜೆ ಸಣ್ಣ ಮಾಡಿ, ಅವಳನ್ನು ಮುಂದೆ ಹೋಗಲು ಬಿಟ್ಟಳು. ಸಾಲಿನಲ್ಲಿ ಕೂತಿದ್ದ ಅವಳ ತಂಡದವಳೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಗಂಗಲಕ್ಷ್ಮಿ ಗೆರೆಯ ಆಚೆ ಈಚೆ ಓಡಾಡುತ್ತಿದ್ದವರು ನಿಂತರು.

ಪಂದ್ಯ ಮುಗಿದ ಮೇಲೆ ನಯನಳನ್ನು ಕರೆದರು. “ಯಾಕೆ ಮುಟ್ಲಿಲ್ಲ?”

“ಬೇಗ ಮುಗ್ದೋದ್ರೆ ಪಾಪ ಅಲ್ವಾ ಮೇಡಂ? ಅವ್ರೂ ಸ್ವಲ್ಪ ಓಡ್ಲಿ ಅಂತ.”

ಅವಳ ಮುಖದಲ್ಲಿ ಕೆಟ್ಟ ಭಾವವಿರಲಿಲ್ಲ. ಅದೇ ಗಂಗಲಕ್ಷ್ಮಿಗೆ ಚುಚ್ಚಿತು. ಗೆರೆಯ ಆಚೆ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚುತ್ತಿದ್ದ ಹುಡುಗಿ ತಲೆ ಎತ್ತುತ್ತಿರಲಿಲ್ಲ. ತನ್ನನ್ನು ಓಡಲು ಬಿಟ್ಟರು ಎಂದು ಅವಳಿಗೆ ಗೊತ್ತಾಗಿತ್ತು.

ಸಭೆ ತೆಂಗಿನ ಮರಗಳ ನೆರಳಿನಲ್ಲಿ, ಐದು ಕುರ್ಚಿ. ಒಕ್ಕೂಟದಲ್ಲಿ ಮತ ಹಾಕುವುದು ವಿಷಲ್ ಊದಿ. ಮೊದಲ ಸಭೆಯ ದಿನ ಕೆಂಚಪ್ಪನವರಿಗೆ ಗಂಟಲು ಕಟ್ಟಿತ್ತು. ಒಪ್ಪಿಗೆ ಎನ್ನಲಾಗದೆ ವಿಷಲ್ ಊದಿದ್ದರು, ಅದೇ ಪದ್ಧತಿಯಾಯಿತು. ಒಪ್ಪದವರು ಸುಮ್ಮನಿರಬೇಕು.

“ದಂಡಿನಶಿವರಕ್ಕೆ ಒಂದು ವರ್ಷ ವಿನಾಯಿತಿ,” ಎಂದು ಕೆಂಚಪ್ಪ ಎಲ್ಲರಿಗಿಂತ ಮೊದಲು ಊದಿದರು. ಎರಡು. ಮೂರು. ನಾಲ್ಕು. ತೋಟದಲ್ಲಿದ್ದ ಹಸುವೊಂದು ತಿರುಗಿ ನೋಡಿತು.

ಗಂಗಲಕ್ಷ್ಮಿ ವಿಷಲ್ ತುಟಿಗಿಟ್ಟರು. ಬೀರುವಿನ ಮೇಲಿನ ಒರೆಸಿದ ಜಾಗ ಕಣ್ಣಿಗೆ ಬಂತು. ಉಸಿರು ತುಂಬಿಕೊಂಡರು, ಮೂಗಿನಿಂದ ಬಿಟ್ಟರು.

“ನಿಮ್ದು ಕೇಳ್ಲಿಲ್ಲ ಮೇಡಂ. ಒಳಗಿನ ಗೋಲಿ ಸಿಕ್ಕಾಕ್ಕಂತಾ?”

“ಇಲ್ಲ ಸಾರ್. ಊದ್ಲಿಲ್ಲ.”

“ನಾಲ್ಕೇ ಜನ ಆಯ್ತೀವಲ್ರೀ,” ಎಂದರು ಕೆಂಚಪ್ಪ.

“ನಮ್ಮುಡ್ಗೀರು ನಿಮ್ಮುಡ್ಗೀರ್ನ ಪಾಪ ಅಂತ ಬಿಟ್ರು ಸಾರ್. ನೀವು ನೋಡ್ಲಿಲ್ವಾ?”

ಕೆಂಚಪ್ಪ ಮೈದಾನದ ಕಡೆ ತಿರುಗಿದರು. “ನೋಡ್ದೆ,” ಎಂದರು.

ವಾಪಸು ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಗಂಗಲಕ್ಷ್ಮಿ ಕಂಬಿ ಹಿಡಿದು ನಿಂತರು. ವಿಷಯ ತಿಳಿದ ನಯನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

“ಮಾತು ಕೊಟ್ಟಿದ್ರಿ ಮೇಡಂ.”

“ಕೊಟ್ಟಿದ್ದೆ. ಮಾತಿಗೆ ತಪ್ಪಿದೆ.”

“ಇನ್ನು ತುಮಕೂರೇ. ಮೊದ್ಲನೇ ರೌಂಡಲ್ಲೇ ಸೋಲ್ತೀವಿ.”

“ಸೋಲ್ಬೋದು. ಅಲ್ಲಿ ಯಾರ್ಗೋಸ್ಕರಾನೂ ನೀನು ಹೆಜ್ಜೆ ಸಣ್ಣ ಮಾಡೋ ಹಂಗಿರಲ್ಲ.”

ತುರುವೇಕೆರೆ ದಾಟಿದ ಮೇಲೆ ನಯನ, ಇನ್ನೂ ಕಿಟಕಿಯನ್ನೇ ನೋಡುತ್ತಾ ಕೇಳಿದಳು:

“ನಾಳೆ ಭಾನುವಾರ. ಪ್ರಾಕ್ಟೀಸ್ ಇಲ್ಲ ಅಲ್ವಾ?”

“ನೀನೇ ಹೇಳು.”

“ಆರಕ್ಕೆ ಬತ್ತೀವಿ. ಕೋಪ ಹೋಗಿಲ್ಲ ಮೇಡಂ,” ಎಂದಳು.

“ಹೋಗೋದು ಬ್ಯಾಡ ಬುಡು,” ಎಂದರು ಗಂಗಲಕ್ಷ್ಮಿ. ಬಸ್ಸು ತಿರುವಿನಲ್ಲಿ ವಾಲಿತು. ಅವರು ಕಂಬಿಯ ಮೇಲೆ ಕೈ ಬದಲಿಸಿದರು, ಕೂರಲಿಲ್ಲ.