ಅತ್ತೆ ಮೆಟ್ರೋದಲ್ಲಿ ತವರಿಗೆ ಹೋದದ್ದು

ನಮ್ಮತ್ತೆಯ ಕಣ್ಣಿನ ಪೊರೆ ತೆಗೆದು, ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದಾಗ ಎದುರಿಗೆ ನಿಂತಿದ್ದವಳು ನಾನು. ಸ್ವಲ್ಪ ಹೊತ್ತು ಕಣ್ಣು ಪಿಳಿಪಿಳಿ ಬಿಟ್ಟು ನೋಡಿದರು. ಆಮೇಲೆ, "ಅಯ್ಯೋ, ನಿನ್ಗೂ ತಲೆ ಬೆಳ್ಳಗಾಗೋಗೈತಲ್ಲೇ!" ಎಂದರು. ನರ್ಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನಾನು ಮದುವೆಯಾಗಿ ಬಂದಾಗ ಇದ್ದ ಉದ್ದನೆಯ ಕಪ್ಪು ಜಡೆಯೇ ಅವರ ಮನಸ್ಸಿನಲ್ಲಿ ಇನ್ನೂ ಉಳಿದಿತ್ತು.

ಆಪರೇಷನ್ ಎಂದರೆ ಅವರಿಗೆ ವಿಪರೀತ ಭಯ. "ಕಣ್ಣಿಗೆ ಕತ್ತಿ ಹಾಕ್ಸ್ಕೊಳ್ಳೋಕೆ ನನ್ಗೇನು ಹುಚ್ಚಾ?" ಎಂದು ವರ್ಷಗಟ್ಟಲೆ ಮುಂದೂಡಿದ್ದರು. ಮೊದಮೊದಲು ಮಂಜು ಕವಿದಂತೆ, ಆಮೇಲೆ ಹೊಗೆ ತುಂಬಿದಂತೆ ಆಗಿ, ಕೊನೆಗೆ ಮನೆಯೊಳಗೆ ಗೋಡೆ ಸವರಿಕೊಂಡು ಓಡಾಡುವ ಹಾಗಾಯಿತು. ಆ ವರ್ಷಗಳಲ್ಲೇ ನಮ್ಮ ಹೊಸಹಳ್ಳಿಯ ಪಕ್ಕದಲ್ಲಿ ಮೆಟ್ರೋ ಎದ್ದು ನಿಂತಿತು. ಅವರಿಗೆ ಅದು ಬರೀ ಸದ್ದು. ನೆಲ ಕೊರೆಯುವ ಸದ್ದು, ಕಬ್ಬಿಣ ಇಳಿಸುವ ಸದ್ದು, ಆಮೇಲೆ ಮೇಲಿನಿಂದ ಹಾದುಹೋಗುವ ಗಾಳಿಯಂಥ ಸದ್ದು. ಜಗುಲಿಯ ಮೇಲೆ ಕೂತು, "ಈಗ ಹೋದದ್ದು ಮೆಜೆಸ್ಟಿಕ್ ಕಡೀಕೆ" ಎಂದು ಹೇಳುವಷ್ಟು ಅಭ್ಯಾಸವಾಗಿತ್ತು. ಆದರೆ ಒಮ್ಮೆಯೂ ಹತ್ತಿರಲಿಲ್ಲ.

ಅತ್ತೆ ಹುಟ್ಟಿದ್ದು ಹಳೇ ಕೆಂಗೇರಿಯಲ್ಲಿ, ಸೇರಿದ್ದು ಹೊಸಹಳ್ಳಿ. ಆಗ ಹೊಸಹಳ್ಳಿ ನಿಜಕ್ಕೂ ಹಳ್ಳಿಯೇ. ಈಗ ವಿಜಯನಗರ ಎನ್ನುವ ಜಾಗದಲ್ಲಿ ನಮ್ಮವರ ರಾಗಿ ಹೊಲ, ಬದನೆ ತೋಟ, ಎತ್ತು ಕಟ್ಟಿ ನೀರೆತ್ತುವ ಒಂದು ಕಪಿಲೆ ಬಾವಿ ಇದ್ದವು. ಅತ್ತೆ ನಸುಕಿನಲ್ಲಿ ಸೊಪ್ಪು ಕಿತ್ತು, ಮಂಕರಿ ತಲೆಯ ಮೇಲಿಟ್ಟುಕೊಂಡು ಮಾರ್ಕೆಟ್‌ಗೆ ನಡೆದು ಹೋಗುತ್ತಿದ್ದವರು. ಆಮೇಲೆ ಹೊಲಗಳೆಲ್ಲ ಲೇಔಟ್ ಆದವು. ಮಾವ ಒಂದಿಷ್ಟು ದಿನ ಜಗುಲಿ ಬಿಟ್ಟು ಏಳಲೇ ಇಲ್ಲವಂತೆ. ಅತ್ತೆ ಮಾತ್ರ ಮನೆಯ ಹಿಂದೆ ಉಳಿದ ಅಂಗೈ ಅಗಲದ ಜಾಗದಲ್ಲಿ ನುಗ್ಗೆ ನೆಟ್ಟು, ಹಸು ಕಟ್ಟಿ, ಹೊಸದಾಗಿ ಬಂದ ಮನೆಗಳಿಗೆಲ್ಲ ಹಾಲು ಹಾಕಿ ಸಂಸಾರ ನಡೆಸಿದರು.

ನಾನು ರಾಜಾಜಿನಗರದವಳು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಕಾರ್ಖಾನೆಯ ಸೈರನ್ ಕೇಳಿ ಏಳುವುದು, ನೇರ ರಸ್ತೆ, ಬ್ಲಾಕು, ಪಾರ್ಕು, ಲೈಬ್ರರಿ. ಬೆಂಗಳೂರು ಎಂದರೆ ಇಷ್ಟೇ ಎಂದು ತಿಳಿದು ಬೆಳೆದವಳು. ಮದುವೆ ಗೊತ್ತಾದಾಗ ಗೆಳತಿಯರು, "ಏನೇ, ಹಳ್ಳಿಗೆ ಸೊಸೆಯಾಗಿ ಹೋಗ್ತಾ ಇದೀಯಂತೆ?" ಎಂದು ರೇಗಿಸಿದ್ದರು. ಒಂದೇ ಬಸ್ಸಿನಲ್ಲಿ ಹೋಗಿ ಸೇರುವಷ್ಟು ಹತ್ತಿರದ ಹಳ್ಳಿ! ಈ ಊರು ಕಟ್ಟಿದವರು ನಮ್ಮಪ್ಪನಂಥ ಕಾರ್ಮಿಕರು ಎಂದು ನನ್ನ ಅಭಿಮಾನ. ಈ ಊರಿಗೆ ನೆಲ ಕೊಟ್ಟವರು ತಾವು ಎಂದು ಅತ್ತೆಯ ಅಭಿಮಾನ. ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಾ ಇಬ್ಬರೂ ಇದೇ ಮಾತಿಗೆ ಎಷ್ಟೋ ಸಲ ತಮಾಷೆಯ ಜಗಳ ಆಡಿದ್ದೇವೆ.

ಕಣ್ಣು ಬಂದು ಕೆಲವು ವಾರಗಳಾದ ಮೇಲೆ ಅತ್ತೆ ಒಂದು ಸಂಜೆ, "ನನ್ ತಮ್ಮನ್ನ ನೋಡ್ಬೇಕು ಕಣೇ. ಮಕ ಕಂಡು ಎಷ್ಟು ವರ್ಷ ಆಯ್ತು" ಎಂದರು. ಕೆಂಗೇರಿಯ ತಮ್ಮನಿಗೆ ಮಂಡಿನೋವು, ಬರುವ ಹಾಗಿಲ್ಲ. ಇವರಿಗೆ ಕಣ್ಣಿರಲಿಲ್ಲ, ಹೋಗುವ ಹಾಗಿರಲಿಲ್ಲ. ಫೋನಿನಲ್ಲಿ ಇಬ್ಬರೂ ಮಳೆ, ರಾಗಿಮುದ್ದೆ, ಔಷಧಿಗಳ ವಿಚಾರ ಮಾತಾಡಿಕೊಂಡೇ ಅಷ್ಟೂ ವರ್ಷ ಕಳೆದಿದ್ದರು.

"ಕಾರ್ ಮಾಡ್ಸ್ಲಾ ಅಮ್ಮ?" ಎಂದು ನನ್ನ ಗಂಡ ಕೇಳಿದರು.

"ಬ್ಯಾಡ. ಅದ್ರಾಗೇ ಹೋಗ್ತೀನಿ" ಎಂದು ಅತ್ತೆ ಮೇಲಕ್ಕೆ ಬೆರಳು ತೋರಿಸಿದರು.

ನನಗೆ ಆಫೀಸು ರಜೆ ಇದ್ದ ಒಂದು ಶನಿವಾರ ಬೆಳಿಗ್ಗೆ ಹೊರಟೆವು. ಅತ್ತೆ ಕೆಂಪು ಅಂಚಿನ ಹಸಿರು ಸೀರೆ ಉಟ್ಟು, ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು, ನುಗ್ಗೆಸೊಪ್ಪಿನ ಒಂದು ಕಟ್ಟನ್ನು ಸೆರಗಿನಲ್ಲಿ ಅವುಚಿಕೊಂಡಿದ್ದರು. ಉಳಿದದ್ದೆಲ್ಲ ನನ್ನ ಚೀಲದಲ್ಲಿ. ಲಿಫ್ಟ್ ಹತ್ತಿ ಪ್ಲಾಟ್‌ಫಾರ್ಮ್‌ಗೆ ಬಂದಾಗ ಅವರು ನಿಂತಲ್ಲೇ ಒಂದು ಸುತ್ತು ತಿರುಗಿದರು. ಕೆಳಗೆ ಮನೆಗಳ ತಾರಸಿ, ನೀರಿನ ಟ್ಯಾಂಕು, ಒಣಗಲು ಹಾಕಿದ ಬಟ್ಟೆ, ನಡುನಡುವೆ ತೆಂಗಿನ ಮರದ ತಲೆ. "ಇಷ್ಟೊಂದ್ ಮನೆಯಾ!" ಎಂದರು. ಆ ದನಿಯಲ್ಲಿ ಬೇಸರವಿತ್ತೋ ಸಂತೋಷವಿತ್ತೋ ನನಗೆ ತಿಳಿಯಲಿಲ್ಲ.

ಆ ಹೊತ್ತಿಗೆ ರೈಲು ಬಂತು. ಆ ದಿಕ್ಕಿಗೆ ಕಾಲೇಜುಗಳು ಜಾಸ್ತಿ, ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಹುಡುಗ ಹುಡುಗಿಯರು ಬಾಗಿಲಲ್ಲಿ ತುಂಬಿಕೊಂಡಿದ್ದರು. "ಅಜ್ಜಿಗೆ ದಾರಿ ಬಿಡ್ರೋ" ಎಂದು ಯಾರೋ ಕೂಗಿದರು. ಅತ್ತೆಯನ್ನು ಮುಂದೆ ಬಿಟ್ಟೆ. ಒಳಗಿದ್ದವರು ಅವರ ಕೈ ಹಿಡಿದು ಎಳೆದುಕೊಂಡರು. ನನ್ನ ಹೆಗಲ ಚೀಲ ಹಿಂದಿದ್ದವರ ಬ್ಯಾಗಿಗೆ ಸಿಕ್ಕಿಕೊಂಡಿತು. ತಿರುಗಿ ಬಿಡಿಸಿಕೊಳ್ಳುವಷ್ಟರಲ್ಲಿ ಪೀಂ ಪೀಂ ಎಂದು ಬಾಗಿಲು ಮುಚ್ಚಿತು. ಗಾಜಿನಾಚೆ ಹಸಿರು ಸೀರೆ ಒಂದು ಕ್ಷಣ ಕಾಣಿಸಿತು. ರೈಲು ಹೊರಟುಹೋಯಿತು.

ಎಂಬತ್ತರ ಹತ್ತಿರದ ಹೆಂಗಸು, ಹೊಸ ಕಣ್ಣು, ಓದು ಬರದು, ಕೈಯಲ್ಲಿ ಮೊಬೈಲ್ ಇಲ್ಲ. ಪ್ಲಾಟ್‌ಫಾರ್ಮ್‌ನಲ್ಲಿದ್ದ ಸೆಕ್ಯುರಿಟಿಯ ಹೆಣ್ಣುಮಗಳ ಬಳಿಗೆ ಓಡಿದೆ.

"ಗಾಬರಿ ಆಗ್ಬೇಡಿ ಮೇಡಂ. ಮುಂದಿನ ಸ್ಟೇಷನ್‌ಗೆ ಹೇಳ್ತೀನಿ. ಸೀರೆ ಯಾವ ಬಣ್ಣ?" ಎಂದು ಕೇಳಿಕೊಂಡು ಅವಳು ವಾಕಿಟಾಕಿಯಲ್ಲಿ ಮಾತಾಡಿದಳು. ಸ್ವಲ್ಪ ಹೊತ್ತಿಗೆ ವಿಜಯನಗರದಿಂದ ಉತ್ತರ ಬಂತು. ಅಂಥವರು ಯಾರೂ ಇಳಿದಿಲ್ಲ. "ಎಲ್ಲಾ ಸ್ಟೇಷನ್‌ಗೂ ತಿಳಿಸ್ತೀವಿ. ನೀವು ಹಿಂದೆ ಬರೋ ಗಾಡಿ ಹತ್ತಿ ಹೋಗ್ತಾ ಇರಿ" ಎಂದಳು.

ಮುಂದಿನ ರೈಲು ಹತ್ತಿ ಬಾಗಿಲ ಪಕ್ಕದಲ್ಲೇ ನಿಂತೆ. ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿನಗರ. ಬಾಗಿಲು ತೆರೆದಾಗೆಲ್ಲ ಕತ್ತು ಚಾಚಿ ಹಸಿರು ಸೀರೆ ಹುಡುಕುವುದು, ಇಲ್ಲವೆಂದು ಒಳಗೆ ಬರುವುದು. ಕಿಟಕಿಯಾಚೆ ಏನೇನು ಹೋಯಿತೋ ನಾನು ಕಾಣೆ. ಮೈಸೂರು ರಸ್ತೆ ಸ್ಟೇಷನ್ ದಾಟಿದಾಗ ಗಂಡನ ಫೋನು.

"ಎಲ್ಲಿದೀಯ? ಅಮ್ಮ ನಿನ್ ಜೊತೆ ಇಲ್ವಾ?"

ನನಗೆ ಅಳು ಬಂದುಬಿಟ್ಟಿತು. "ರೀ, ಅತ್ತೆ..." ಎಂದೆ.

"ಅಳ್ಬೇಡ ಮಾರಾಯ್ತಿ. ಈಗ್ತಾನೆ ಯಾವುದೋ ಹುಡುಗಿ ಫೋನ್ ಮಾಡಿದ್ಲು. ಅಮ್ಮನ್ನ ಕೆಂಗೇರಿ ಸ್ಟೇಷನ್‌ನಲ್ಲೇ ಇಳಿಸ್ತಾರಂತೆ. 'ನನ್ ಸೊಸೆ ಕಳೆದೋಗವ್ಳೆ, ಹುಡುಕ್ಸ್ಕೊಡಿ' ಅಂತ ನನ್ ನಂಬರ್ ಹೇಳಿದಾಳಂತೆ."

ಕಣ್ಣು ಮಂಜಾದ ಕಾಲದಲ್ಲಿ ಮಗನ ನಂಬರನ್ನು ಅವರು ಬಾಯಿಪಾಠ ಮಾಡಿಕೊಂಡದ್ದು ನನಗೆ ಗೊತ್ತೇ ಇರಲಿಲ್ಲ. ಅಳುವೂ ನಗುವೂ ಒಟ್ಟಿಗೆ ಬಂದವು. ಪಕ್ಕದಲ್ಲಿ ನಿಂತಿದ್ದ ಹುಡುಗ ನೀರಿನ ಬಾಟಲಿ ಕೊಟ್ಟು, "ಕುಡೀರಿ ಆಂಟಿ" ಎಂದ.

ಕೆಂಗೇರಿಯ ಪ್ಲಾಟ್‌ಫಾರ್ಮ್‌ನ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಅತ್ತ ಇತ್ತ ಇಬ್ಬರು ಕಾಲೇಜು ಹುಡುಗಿಯರು, ಎದುರಿಗೆ ಸ್ಟೇಷನ್ನಿನವರೊಬ್ಬರು. ಮಾತು ಜೋರಾಗಿ ನಡೆದಿತ್ತು. ನಾನು ಓಡಿಹೋಗಿ ಅವರ ಕೈ ಹಿಡಿದುಕೊಂಡೆ.

"ಯಾಕೇ ಇಂಗ್ ಬೆವ್ತೋಗಿದೀಯ?" ಎಂದರು ಅತ್ತೆ.

"ನೀವು ಕಳೆದುಹೋದ್ರಿ ಅಂತ ಜೀವ ಬಾಯಿಗೆ ಬಂದಿತ್ತು ಅತ್ತೆ."

"ನಾನ್ ಹುಟ್ಟಿದೂರ್ಗೆ ಬಂದು ನಾನೇ ಕಳೆದೋಯ್ತೀನಾ? ಕಳೆದೋಗಿದ್ದು ನೀನು!"

ಹುಡುಗಿಯರು ಕಿಲಕಿಲ ನಕ್ಕರು. ಅವರಲ್ಲೊಬ್ಬಳು ಲಗ್ಗೆರೆಯವಳು, ಅಪ್ಪ ಪೀಣ್ಯದ ವರ್ಕ್‌ಶಾಪಿನಲ್ಲಿ ಕೆಲಸ. ಹಿಂದಿನ ಸ್ಟೇಷನ್ನಿನಲ್ಲೇ ಇಳಿಯಬೇಕಿದ್ದವರು ಅಜ್ಜಿಯನ್ನು ಒಬ್ಬರನ್ನೇ ಬಿಡಲಾರದೆ ಜೊತೆಗೆ ಬಂದಿದ್ದರು. "ಕ್ಲಾಸ್ ಹೋಯ್ತಲ್ಲಮ್ಮ" ಎಂದು ನಾನು ಪೇಚಾಡಿದೆ.

"ಪರವಾಗಿಲ್ಲ ಆಂಟಿ. ಅಜ್ಜಿ ದಾರಿಯುದ್ದಕ್ಕೂ ಒಂದು ಕ್ಲಾಸ್ ತಗೊಂಡ್ರು" ಎಂದಳು ಅವಳು.

ಆಮೇಲೆ ಅವಳೇ ಎಲ್ಲ ಹೇಳಿದಳು. ಕೂರಲು ಸೀಟು ಬಿಟ್ಟುಕೊಟ್ಟರಂತೆ. ಸೊಸೆ ಇಲ್ಲ ಎಂದು ತಿಳಿದಾಗ ಅತ್ತೆ ಮಗನ ನಂಬರು ಹೇಳಿದರಂತೆ. ಮೊದಲು ಫೋನು ಸಿಗಲಿಲ್ಲ. ಇವರು ಮತ್ತೆ ಮತ್ತೆ ಪ್ರಯತ್ನಿಸುತ್ತಿರುವಾಗ ಅತ್ತೆ ಕನ್ನಡಕ ತೆಗೆದು, ಬೆನ್ನ ಹಿಂದಿನ ಕಿಟಕಿಯ ಕಡೆ ತಿರುಗಿ ಗಾಜಿಗೆ ಹಣೆ ಒತ್ತಿಕೊಂಡು, ಹೊರಗೆ ಕಂಡದ್ದಕ್ಕೆಲ್ಲ ಕಥೆ ಹೇಳಲು ಶುರು ಮಾಡಿದರು. ಇಲ್ಲಿ ನಮ್ಮ ಬದನೆ ತೋಟ, ಅಲ್ಲಿ ಬಾವಿ. ನಾಯಂಡಹಳ್ಳಿಯ ಬಳಿ ಕೊಳಚೆಯಾಗಿ ಹರಿಯುವ ವೃಷಭಾವತಿ ಹೊಳೆಯನ್ನು ತೋರಿಸಿ, "ಈ ನೀರಲ್ಲಿ ಎತ್ತು ಮೈತೊಳ್ಸಿ, ನಾವೂ ಕುಡ್ದಿದೀವಿ" ಎಂದಾಗ ಯಾರೂ ನಂಬಲಿಲ್ಲವಂತೆ. ಅತ್ತೆ ಸಿಟ್ಟಾಗಲಿಲ್ಲ. "ನೀವು ಓದ್ದೋರು ಸರಿ ಮಾಡಿ. ನಮ್ಮ ಕೈಲಾಗ್ಲಿಲ್ಲ" ಎಂದಷ್ಟೇ ಹೇಳಿದರಂತೆ. ಜ್ಞಾನಭಾರತಿಯಲ್ಲಿ ವಿಶ್ವವಿದ್ಯಾಲಯದ ಕಾಡಿನಂಥ ಹಸಿರು ಕಂಡಾಗ ಮಾತ್ರ ಎದ್ದೇ ನಿಂತರು. "ಇಲ್ಲಿ ಬರೀ ಕಲ್ಲು, ಕುರುಚಲು ಗಿಡ ಇತ್ತು ಕಣ್ರವ್ವಾ. ಎತ್ತಿನ ಗಾಡೀಲಿ ಬರ್ವಾಗ ಒಂದು ನೆರಳೂ ಸಿಕ್ತಿರ್ಲಿಲ್ಲ. ಯಾರ್ ನೆಟ್ಟ್ರೋ ಪುಣ್ಯಾತ್ಮರು!" ಎಂದರಂತೆ. ಬೆಂಗಳೂರಿನಲ್ಲಿ ಇದ್ದ ಮರವೆಲ್ಲ ಹೋಯಿತು ಎಂದು ಕೇಳಿಯೇ ಬೆಳೆದ ಆ ಮಕ್ಕಳಿಗೆ, ಇಲ್ಲದ ಮರ ಬಂದ ಜಾಗವೂ ಒಂದಿದೆ ಎನ್ನುವುದು ಹೊಸ ಸುದ್ದಿ. ನನಗೂ.

ಆ ಹುಡುಗಿಯರಿಗೆ ಕೈಮುಗಿದು, ಆಟೋ ಹಿಡಿದು ಹಳೇ ಕೆಂಗೇರಿಗೆ ಹೋದೆವು. ಅಲ್ಲಿ ಕೋಟೆ ಹತ್ತಿರದ ಬೀದಿಯಲ್ಲಿ ಅತ್ತೆ ಹುಟ್ಟಿದ ಹೆಂಚಿನ ಮನೆ ಈಗ ಮೂರಂತಸ್ತಾಗಿದೆ. ಮುಂದಿನ ಕಲ್ಲಿನ ಮೆಟ್ಟಿಲನ್ನು ಮಾತ್ರ ಕೀಳಿಸಿಲ್ಲ. ಅತ್ತೆಯ ತಮ್ಮ ಕೋಲೂರಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಬಾ ಅಕ್ಕ" ಎಂದರು.

ಅತ್ತೆ ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟರು. ಕನ್ನಡಕ ತೆಗೆದರು. ತಮ್ಮನ ಮುಖವನ್ನು ಮೇಲಿನಿಂದ ಕೆಳಗೆ ಹಾಗೇ ನೋಡುತ್ತಿದ್ದರು. ಕಣ್ಣು ಹೋಗುವ ಮೊದಲು ಅವರು ಕಂಡಿದ್ದು ಗಟ್ಟಿಮುಟ್ಟಾದ, ಮೀಸೆ ಹೊತ್ತ ಗಂಡಸನ್ನು. ಈಗ ಎದುರಿಗೆ ಬಾಗಿದ ಬೆನ್ನು, ಬಿದ್ದ ಹಲ್ಲು.

"ಅಕ್ಕ, ಗುರ್ತು ಸಿಗ್ಲಿಲ್ವಾ?" ತಮ್ಮ ಕೋಲೂರಿ ಮುಂದಕ್ಕೆ ಬಾಗಿದರು.

"ಸಿಕ್ತು ಕಣ್ಲಾ. ಅಪ್ಪಯ್ಯ ಬಂದು ನಿಂತ್ಕಂಡಂಗಾಯ್ತು. ಅದ್ಕೇ ನೋಡ್ತಿವ್ನಿ" ಎಂದರು ಅತ್ತೆ.

ಮೆಟ್ಟಿಲು ಹತ್ತಿ ತಮ್ಮನ ಎರಡು ಕೆನ್ನೆಯನ್ನೂ ಹಿಡಿದುಕೊಂಡರು. ನುಗ್ಗೆಸೊಪ್ಪಿನ ಕಟ್ಟು ಜಾರಿ ಬಿತ್ತು, ನಾನು ಎತ್ತಿಕೊಂಡೆ. ಅಕ್ಕತಮ್ಮ ಇಬ್ಬರೂ ಅತ್ತರು. ಒಳಗಿನಿಂದ ಕಾಫಿ ಬರುವ ಹೊತ್ತಿಗೆ ಇಬ್ಬರೂ ಮಂಡಿನೋವಿನ ಎಣ್ಣೆಯ ಬಗ್ಗೆ ವಾದ ಮಾಡುತ್ತಿದ್ದರು.

ಮಧ್ಯಾಹ್ನ ಉಪ್ಸಾರು, ಮುದ್ದೆ ಉಂಡು, ನಾನೂ ಅತ್ತೆಯೂ ಕೆರೆಯ ಕಡೆ ಹೋದೆವು. ನೀರು ಹಿಂದಿನಷ್ಟಿಲ್ಲ, ಆದರೆ ಇದೆ. ದಡದಲ್ಲಿ ಜನ ಅಡ್ಡಾಡುತ್ತಿದ್ದರು. ಅತ್ತೆ ನೀರನ್ನೇ ನೋಡುತ್ತಾ ಹೇಳಿದರು: "ಹೊಲ ಹೋದಾಗ ನಿಮ್ಮಾವ ಊರೇ ಹೋಯ್ತು ಅಂದ್ರು. ನಾನೂ ಅಂಗೇ ಅಂದ್ಕಂಡಿದ್ದೆ. ಇವತ್ತು ಮೇಲಿಂದ ನೋಡ್ದೆ. ಅಷ್ಟು ಮನೆ, ಅಷ್ಟು ಜನ, ಅಷ್ಟು ಮಕ್ಳು ಓದೋಕೆ ಹೋಯ್ತಾವ್ರೆ. ನಮ್ ಹೊಲ್ದಾಗೆ ಇವತ್ಗೂ ರಾಗಿ ಬೆಳೀತಿದ್ರೆ ಎಷ್ಟು ಜನ ಉಣ್ತಿದ್ರು ಹೇಳು?" ನನ್ನ ಕಡೆ ತಿರುಗಿ, "ನಿಮ್ಮಪ್ಪನಂಥೋರೂ ದುಡ್ದವ್ರೆ ಬಿಡು" ಎಂದರು.

ಅಷ್ಟು ವರ್ಷದ ನಮ್ಮ ಜಗಳದಲ್ಲಿ ಅವರು ನನ್ನ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದರು. ನಾನೂ ಒಂದು ಇಟ್ಟೆ. "ನೆಲ ಇದ್ದಿದ್ಕೆ ತಾನೇ ಅತ್ತೆ, ಕಟ್ಟಿದ್ದು" ಎಂದೆ. ಎದೆಯೊಳಗೆ ಏನೋ ಹೆಮ್ಮೆ ತುಂಬಿಕೊಂಡಿತ್ತು. ಅದು ರಾಜಾಜಿನಗರದ್ದೂ ಅಲ್ಲ, ಹೊಸಹಳ್ಳಿಯದೂ ಅಲ್ಲ. ಎತ್ತಿನ ಗಾಡಿಯಲ್ಲಿ ಗಂಟು ಕಟ್ಟಿಕೊಂಡು ಗಂಡನ ಮನೆಗೆ ಬಂದ ಹೆಣ್ಣುಮಗಳೊಬ್ಬಳನ್ನು, ಈ ಪ್ರಾಯದಲ್ಲಿ, ಗುರುತಿಲ್ಲದ ಮಕ್ಕಳ ಕೈಯಲ್ಲಿ ಜೋಪಾನವಾಗಿ ತವರಿಗೆ ತಲುಪಿಸಿದ ಊರಿನ ಹೆಮ್ಮೆ.

ಈಗ ಅತ್ತೆಗೆ ಸ್ವಂತ ಕಾರ್ಡು ಇದೆ. ಕಾರ್ಡನ್ನು ಗೇಟಿಗೆ ಮುಟ್ಟಿಸಿ, ಅದರ ರೆಕ್ಕೆಯಂಥ ಬಾಗಿಲು ತೆರೆದುಕೊಂಡಾಗ ಸೊಂಟ ನೆಟ್ಟಗೆ ಮಾಡಿಕೊಂಡು ಒಳಗೆ ಹೋಗುವುದನ್ನು ನೋಡಬೇಕು. ಮೊದಲು ನನ್ನ ಜೊತೆ, ಆಮೇಲೆ ಪಕ್ಕದ ಮನೆಯವರ ಜೊತೆ. ಈಗ ನಮ್ಮ ಬೀದಿಯ, ಪಕ್ಕದ ಆರ್‌ಪಿಸಿ ಲೇಔಟಿನ ವಯಸ್ಸಾದ ಹೆಂಗಸರ ಒಂದು ಗುಂಪೇ ಇವರ ಹಿಂದೆ ಹೊರಡುತ್ತದೆ. ಬಾಗಿಲ ಹತ್ತಿರ ನಿಂತು, "ಬಿರ್ರನೆ ಹತ್ತಿ, ಇದು ನಮ್ ಸೊಸೇನ್ನೇ ಬಿಟ್ಟೋಗಿದ್ದ ಗಾಡಿ" ಎಂದು ಎಲ್ಲರನ್ನೂ ಹತ್ತಿಸಿ ಆಮೇಲೆ ತಾವು ಹತ್ತುತ್ತಾರಂತೆ.

ಹೋದ ತಿಂಗಳು ಗುಂಪಿನವರೆಲ್ಲ ಸೇರಿ ಊರಿನ ಆ ತುದಿ ನೋಡಲೇಬೇಕೆಂದು ವೈಟ್‌ಫೀಲ್ಡ್‌ವರೆಗೆ ಹೋಗಿಬಂದರು. ಚಿತ್ರಾನ್ನದ ಡಬ್ಬಿಯನ್ನು ಆ ಕಡೆಯ ಸ್ಟೇಷನ್ನಿನ ಹೊರಗೆ ಮರದಡಿ ಬಿಚ್ಚಿದರಂತೆ. ಸಂಜೆ ಕಾಲು ಚಾಚಿ ಜಗುಲಿಯಲ್ಲಿ ಕೂತಾಗ ನಾನು, "ಹೇಗಿತ್ತು ಅತ್ತೆ, ಆ ಕಡೆ ಬೆಂಗಳೂರು?" ಎಂದು ಕೇಳಿದೆ.

"ಎಲ್ಲಾ ಗಾಜಿನ ಮನೆ ಕಣೇ. ಚೆಂದಾಗೈತೆ. ಕಷ್ಟಪಟ್ಟವ್ರೆ ಪಾಪ" ಎಂದರು. ಹಿಮ್ಮಡಿ ಒತ್ತಿಕೊಳ್ಳುತ್ತಾ, "ಆದ್ರೂ ನಮ್ ಕಡೆ ಗಾಳಿ ಅಲ್ಲಿಲ್ಲ ಬಿಡು" ಎಂದು ತೀರ್ಪು ಕೊಟ್ಟು, ಕಾಫಿಗೆ ಕೈ ಚಾಚಿದರು.